ಹೊತ್ತದ್ದೇ ಹೆಚ್ಚು, ಹೊಡೆದದ್ದು ಕಡಿಮೆ

ಹಳೆಯ ಪೊಲೀಸ್ ರಿವಾಲ್ವರ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ನಳಿಗೆಯ ತುದಿಯನ್ನು. ಅಲ್ಲಿ ಎರಡೂ ಬದಿ ಉಕ್ಕಿನ ಕಡುನೀಲಿ ಬಣ್ಣ ಸವೆದು ಬೆಳ್ಳಗಾಗಿದ್ದರೆ ಅದು ಚರ್ಮದ ಹೋಲ್‌ಸ್ಟರ್ ಮಾಡಿದ ಕೆಲಸ. ಆಮೇಲೆ ಸಿಲಿಂಡರಿನ ಮುಂದಿನ ಅಂಚು ನೋಡಬೇಕು, ಅಲ್ಲೂ ಅದೇ ಕಥೆ. ಹಿಡಿಯ ವಾಲ್‌ನಟ್ ಮರದಲ್ಲಿ ಬಲಗಡೆಯ ಹಲಗೆ ಮಾತ್ರ ಜಜ್ಜಿಹೋಗಿ ಎಡಗಡೆಯದು ನೆಟ್ಟಗಿದ್ದರೆ, ಹೊತ್ತವನು ಬಲಗೈಯವನು, ದಿನಕ್ಕೆ ಹತ್ತಿಪ್ಪತ್ತು ಸಲ ಕಾರು ಹತ್ತಿ ಇಳಿದವನು, ಹತ್ತಿ ಇಳಿದಾಗೆಲ್ಲ ಸೊಂಟ ಬಾಗಿಲಿಗೆ ತಾಗಿಸಿಕೊಂಡವನು ಎಂದು ಧೈರ್ಯವಾಗಿ ಹೇಳಬಹುದು. ಇಷ್ಟೆಲ್ಲ ಆದಮೇಲೆ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಸುರುಳಿ ಗೆರೆಗಳು ಕಾರ್ಖಾನೆಯಿಂದ ನಿನ್ನೆ ಬಂದಹಾಗೆ ಹೊಳೆಯುತ್ತಿರುತ್ತವೆ.

ಇಲ್ಲಿ ಮಿಸ್ಸೂರಿಯ ಗನ್ ಶೋಗಳಲ್ಲಿ ಮೇಜು ಹಾಕಿಕೊಂಡು ಕೂರುವ ಮುದುಕರು ಇಂಥದ್ದನ್ನು ಕೈಗೆತ್ತಿಕೊಂಡ ಕೂಡಲೇ ಹೇಳುವ ಮಾತೊಂದಿದೆ: ಹೊತ್ತದ್ದೇ ಹೆಚ್ಚು, ಹೊಡೆದದ್ದು ಕಡಿಮೆ. ಬೆಲೆ ಏರಿಸುವುದಕ್ಕೆ ಅವರು ಬಳಸುವ ಮಾತು ಅದು. ನನಗೆ ಅದರಲ್ಲಿ ಒಂದು ಕಾಲದ ಪೊಲೀಸ್ ಇಲಾಖೆಯ ಚರಿತ್ರೆಯೇ ಕಾಣಿಸುತ್ತದೆ.

ನಾನು ಟೂಲ್ ರೂಮಿನ ಮನುಷ್ಯ. ಬೆಂಗಳೂರಿನ ಮಷೀನ್ ಟೂಲ್ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, ಕ್ಯಾನ್ಸಸ್ ಸಿಟಿಯಲ್ಲಿ ಡೈ ಮೇಕರ್ ಆಗಿ ನಿವೃತ್ತನಾದವನು. ಹುಟ್ಟಿದ್ದು ಕೊಡಗಿನಲ್ಲಿ. ಕೋವಿಯ ಹುಚ್ಚು ಎಲ್ಲಿಂದ ಬಂತು ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಆದರೆ ಊರಿನ ಕೋವಿಗೂ ನಾನು ಇಲ್ಲಿ ಕೂಡಿಸಿಟ್ಟಿರುವುದಕ್ಕೂ ಸಂಬಂಧವಿಲ್ಲ. ನನ್ನದೆಲ್ಲ ದೊಡ್ಡ ಚೌಕಟ್ಟಿನ ರಿವಾಲ್ವರ್‌ಗಳು. ಸ್ಮಿತ್ ಅಂಡ್ ವೆಸನ್ ಕಂಪನಿಯವರು 'ಎನ್ ಫ್ರೇಮ್' ಎಂದು ಕರೆದವು, ಕೋಲ್ಟ್ ಕಂಪನಿಯವರು 'ನ್ಯೂ ಸರ್ವಿಸ್' ಎಂದು ಹೆಸರಿಟ್ಟವು. ತೋಟಾ ತುಂಬುವ ಮೊದಲೇ ಒಂದು ಕಿಲೋ ಮೀರುವ ತೂಕ. ಸಾಧಾರಣ ಅಂಗೈಗೆ ಟ್ರಿಗರ್ ಎಟಕುವುದೇ ಕಷ್ಟ. ಅಮೆರಿಕದ ಬಹುಪಾಲು ಪೊಲೀಸರು ಹೊತ್ತದ್ದು ಇದಕ್ಕಿಂತ ಚಿಕ್ಕದಾದ, ಮಧ್ಯಮ ಗಾತ್ರದ ಪಾಯಿಂಟ್ ಮೂರೆಂಟನ್ನು. ದೊಡ್ಡದನ್ನು ಹೊತ್ತವರು ಏನೋ ಒಂದು ಕಾರಣಕ್ಕೆ ಹೊತ್ತವರು. ಆ ಕಾರಣ ಹುಡುಕುವುದೇ ನನ್ನ ಹವ್ಯಾಸ ಎಂದರೂ ತಪ್ಪಿಲ್ಲ.

ಮೊದಲು ಕಬ್ಬಿಣದ ಮಾತು ಆಡಿಬಿಡುತ್ತೇನೆ, ಅದು ನನ್ನ ವೃತ್ತಿ. 1908ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಸ್ಮಿತ್ ಅಂಡ್ ವೆಸನ್ ಕಾರ್ಖಾನೆ ಪಾಯಿಂಟ್ ನಾಲ್ಕು ನಾಲ್ಕರ ತೋಟಾಕ್ಕೆಂದು ಹೊಸ ರಿವಾಲ್ವರ್ ತಂದಿತು. ಸಂಗ್ರಾಹಕರ ಬಾಯಲ್ಲಿ ಅದರ ಹೆಸರು 'ಟ್ರಿಪಲ್ ಲಾಕ್'. ಪಕ್ಕಕ್ಕೆ ತೆರೆದುಕೊಳ್ಳುವ ಸಿಲಿಂಡರನ್ನು ಮುಚ್ಚಿದಾಗ ಅದು ಅಲುಗದ ಹಾಗೆ ಹಿಡಿದುಕೊಳ್ಳಬೇಕಲ್ಲ, ಅದಕ್ಕೆ ಸಿಲಿಂಡರಿನ ಹಿಂದೊಂದು, ನಳಿಗೆಯ ಕೆಳಗೆ ಮುಂದೊಂದು, ಹೀಗೆ ಎರಡು ಬೀಗ ಸಾಕು. ಇವರು ಮೂರನೆಯದನ್ನೂ ಇಟ್ಟರು. ಸಿಲಿಂಡರನ್ನು ಹೊರುವ ತೋಳು ಚೌಕಟ್ಟಿಗೆ ಬಂದು ಕೂರುವ ಜಾಗದಲ್ಲಿ, ಸ್ಪ್ರಿಂಗಿನಿಂದ ಚಿಮ್ಮುವ ಗೋಧಿಕಾಳಿನಷ್ಟು ಉಕ್ಕಿನ ತುಂಡು ತನ್ನ ಅಳತೆಯ ಗುಳಿಗೆ ಹೋಗಿ ಕೂರುತ್ತದೆ. ನನ್ನ ಬಳಿ ಇರುವ ಟ್ರಿಪಲ್ ಲಾಕ್‌ಗೆ ನೂರು ವರ್ಷ ದಾಟಿದೆ. ಸಿಲಿಂಡರ್ ಮುಚ್ಚಿ ಬೆರಳಿನಿಂದ ಅಲ್ಲಾಡಿಸಿ ನೋಡಿದರೆ ಈಗಲೂ ಜಪ್ಪಯ್ಯ ಎನ್ನುವುದಿಲ್ಲ. ಸಿಎನ್‌ಸಿ ಇಲ್ಲದ ಕಾಲದಲ್ಲಿ, ಬೆಲ್ಟಿನಿಂದ ಓಡುವ ಮಿಲ್ಲಿಂಗ್ ಯಂತ್ರದಲ್ಲಿ ಕೆತ್ತಿ, ಅರದಿಂದ ಉಜ್ಜಿ ಉಜ್ಜಿ ಕೂರಿಸಿದ ಕೆಲಸ ಅದು. ಆ ಫಿಟ್ಟರ್ ಯಾರಿದ್ದನೋ, ಅವನಿಗೆ ಕೈ ಮುಗಿಯಬೇಕು.

ಮೂರನೆಯ ಬೀಗದ ಅಗತ್ಯ ಇತ್ತೇ ಎಂದು ಕೇಳಿದರೆ, ಇರಲಿಲ್ಲ. ಮೊದಲನೇ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಇದೇ ರಿವಾಲ್ವರನ್ನು ತಮ್ಮ ಪಾಯಿಂಟ್ ನಾಲ್ಕು ಐದು ಐದರ ತೋಟಾಕ್ಕೆ ಮಾಡಿಸಿಕೊಂಡರು. ಕಂದಕದ ಕೆಸರು ಇಷ್ಟು ಬಿಗಿಯಾದ ಸಂದುಗಳಿಗೆ ಹೋದರೆ ಗತಿಯೇನು ಎಂಬ ಚಿಂತೆ ಹತ್ತಿತು. 1915ರಲ್ಲಿ ಮೂರನೆಯ ಬೀಗವೂ ಹೋಯಿತು, ಖಾಲಿ ತೋಟಾ ಹೊರದಬ್ಬಲು ನಳಿಗೆಯ ಕೆಳಗಿರುವ ಕಡ್ಡಿಗೆ ಇದ್ದ ಉಕ್ಕಿನ ಹೊದಿಕೆಯೂ ಹೋಯಿತು. ಬೆಲೆ 21 ಡಾಲರಿನಿಂದ 19ಕ್ಕೆ ಇಳಿಯಿತು. ಎರಡು ಡಾಲರಿಗೆ ಇಂಥ ಕೆಲಸವನ್ನು ಕೈಬಿಟ್ಟರಲ್ಲ ಎಂದು ನಮ್ಮಂಥವರಿಗೆ ಇಂದಿಗೂ ಹೊಟ್ಟೆಯುರಿ. ಟೆಕ್ಸಸ್ಸಿನ ಶೆರಿಫರಿಗೂ ರೇಂಜರರಿಗೂ ಆ ಹೊದಿಕೆ ಬೇಕೇ ಬೇಕಿತ್ತು. ಹೋಲ್‌ಸ್ಟರಿನಲ್ಲೋ ಕುದುರೆಯ ಜೀನಿಗೆ ತಾಗಿಯೋ ಆ ಕಡ್ಡಿ ಬಾಗಿದರೆ ಸಿಲಿಂಡರ್ ತೆರೆಯುವುದೇ ಇಲ್ಲ. ಫೋರ್ಟ್ ವರ್ತಿನ ವುಲ್ಫ್ ಅಂಡ್ ಕ್ಲಾರ್ ಎಂಬ ವ್ಯಾಪಾರಿಗಳು ದೊಡ್ಡ ಆರ್ಡರ್ ಕೊಟ್ಟು, ಹೊದಿಕೆ ಇರುವುದನ್ನೇ ಮಾಡಿಕೊಡಿ ಎಂದು ಹಟ ಹಿಡಿದ ಮೇಲೆ, 1926ರಲ್ಲಿ ಅದು ವಾಪಸ್ ಬಂತು. ಮೂರನೆಯ ಬೀಗ ಮಾತ್ರ ಬರಲಿಲ್ಲ.

ಕೋಲ್ಟ್ ನ್ಯೂ ಸರ್ವಿಸ್ ಇನ್ನೂ ಹಳೆಯದು, 1898ರಿಂದ ಬಂದದ್ದು. ಇನ್ನೂ ದಪ್ಪ. ಕೆನಡಾದ ಕುದುರೆ ಪೊಲೀಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಸೊಂಟಕ್ಕೆ ಕಟ್ಟಿ 1954ರವರೆಗೂ ಬಿಚ್ಚಲಿಲ್ಲ. 1917ರಲ್ಲಿ ಹುಟ್ಟಿದ ನ್ಯೂಯಾರ್ಕ್ ರಾಜ್ಯದ ಪೊಲೀಸರೂ ಇದನ್ನೇ ಹೊತ್ತರು. ಕೋಲ್ಟಿನ ಸಿಲಿಂಡರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಸ್ಮಿತ್‌ನದು ಅದಕ್ಕೆ ಎದುರು. ಎರಡು ಪಂಗಡದವರೂ ತಮ್ಮದೇ ಸರಿ ಎಂದು ವಾದಿಸುತ್ತಾರೆ. ನನ್ನ ಪಂಗಡ ಯಾವುದೆಂದು ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು.

ಈಗ ಕಾರಿನ ಮಾತಿಗೆ ಬರೋಣ. ಕಾರಿಲ್ಲದಿದ್ದರೆ ದೊಡ್ಡ ಚೌಕಟ್ಟಿನ ಪೊಲೀಸ್ ರಿವಾಲ್ವರಿನ ಕಥೆ ಟೆಕ್ಸಸ್ಸಿನಲ್ಲೇ ಮುಗಿದುಹೋಗುತ್ತಿತ್ತು. 1920ರ ದಶಕದ ಪೊಲೀಸನ ಪಾಯಿಂಟ್ ಮೂರೆಂಟು ಸ್ಪೆಷಲ್ ತೋಟಾದಲ್ಲಿ ಹತ್ತು ಗ್ರಾಮಿನ ಸೀಸದ ಗುಂಡು ಸೆಕೆಂಡಿಗೆ 850 ಅಡಿಯ ಆಸುಪಾಸಿನ ವೇಗದಲ್ಲಿ ಹೋಗುತ್ತಿತ್ತು. ಬೀದಿಯಲ್ಲಿ ಎದುರು ನಿಂತವನಿಗೆ ಅದು ಸಾಕು. ಬ್ಯಾಂಕ್ ದೋಚಿ ಕಾರಿನಲ್ಲಿ ಪರಾರಿಯಾಗುತ್ತಿರುವವನ ಹಿಂದಿನಿಂದ ಹೊಡೆದರೆ, ಮೃದು ಸೀಸ ಕಾರಿನ ತಗಡಿಗೆ ಬಡಿದು ಚಪ್ಪಟೆಯಾಗುತ್ತಿತ್ತು, ಇಲ್ಲವೇ ಜಾರಿ ಎತ್ತಲೋ ಹೋಗುತ್ತಿತ್ತು. 1932ರಲ್ಲಿ ಫೋರ್ಡ್ ವಿ-8 ಬಂದಮೇಲಂತೂ ಕಳ್ಳರ ಕಾರು ಪೊಲೀಸರ ಕಾರಿಗಿಂತ ವೇಗವಾಗಿತ್ತು. ರಾಜ್ಯದ ಗಡಿ ದಾಟಿದರೆ ಬೆನ್ನಟ್ಟಿ ಬಂದ ಪೊಲೀಸರಿಗೆ ಅಧಿಕಾರವೂ ಇಲ್ಲ. ಕ್ಯಾನ್ಸಸ್ ಸಿಟಿಯಲ್ಲಿ ರಾಜ್ಯದ ಗಡಿ ಎಂದರೆ ಒಂದು ಬೀದಿ, ಸ್ಟೇಟ್ ಲೈನ್ ರೋಡ್. ನಾನು ಕಾಫಿಗೆ ಹೋಗಿಬರುವಾಗ ದಾಟುವ ಬೀದಿ.

ಕಾರಿನ ತಗಡಿನ ತೊಂದರೆಗೆ ಸ್ಮಿತ್ ಅಂಡ್ ವೆಸನ್ ಕೊಟ್ಟ ಉತ್ತರ ಸರಳ. 1930ರಲ್ಲಿ, ನಾಲ್ಕು ನಾಲ್ಕರ ತೋಟಾಕ್ಕೆಂದು ಮಾಡಿದ್ದ ದೊಡ್ಡ ಚೌಕಟ್ಟನ್ನೇ ತೆಗೆದುಕೊಂಡು ಅದಕ್ಕೆ ಮೂರೆಂಟರ ತೂತು ಕೊರೆದರು. ಸಿಲಿಂಡರಿನ ಗೋಡೆಗಳು ದಪ್ಪವಾದವು. ಆ ದಪ್ಪವನ್ನು ನಂಬಿ ತೋಟಾಕ್ಕೆ ಜೋರು ಮದ್ದು ತುಂಬಿದರು. ಅದೇ ಹತ್ತು ಗ್ರಾಮಿನ ಗುಂಡು ಈಗ 1,100 ಅಡಿಗೂ ಮೇಲಿನ ವೇಗದಲ್ಲಿ ಹೊರಟಿತು. ರಿವಾಲ್ವರಿಗೆ 'ಹೆವಿ ಡ್ಯೂಟಿ' ಎಂದೂ ತೋಟಾಕ್ಕೆ 38/44 ಎಂದೂ ಹೆಸರು. ಐದಿಂಚಿನ ನಳಿಗೆ, ಚೌಕಟ್ಟಿನಲ್ಲೇ ಕೆತ್ತಿದ ಅಲುಗದ ಗುರಿಕಣ್ಣು, ಅಲಂಕಾರ ಎಂಬುದು ಹೆಸರಿಗೂ ಇಲ್ಲ.

ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಇದರಲ್ಲೊಂದು ದೊಡ್ಡ ಅಪಾಯವಿತ್ತು. ಜೋರು ತೋಟಾದ ಉದ್ದವೂ ಮಾಮೂಲಿ ತೋಟಾದ ಉದ್ದವೂ ಒಂದೇ. ಪೆಟ್ಟಿಗೆಯ ಮೇಲೆ ಎಷ್ಟು ಎಚ್ಚರಿಕೆ ಬರೆದರೂ, ಯಾರಾದರೂ ಅದನ್ನು ತೆಳ್ಳಗಿನ ಚಿಕ್ಕ ಮೂರೆಂಟಿಗೆ ತುಂಬುವುದನ್ನು ತಡೆಯುವಂತಿರಲಿಲ್ಲ. ಹಾಗಾಗಿಯೇ 1935ರಲ್ಲಿ ಇನ್ನೂ ಜೋರಾದ ತೋಟಾ ಮಾಡಿದಾಗ ಅದರ ಹಿತ್ತಾಳೆಯ ಕೋಶವನ್ನು ಇಂಚಿನ ಎಂಟನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಉದ್ದ ಮಾಡಿದರು. ಹಳೆಯ ರಿವಾಲ್ವರಿನಲ್ಲಿ ಅದು ಪೂರ್ತಿ ಒಳಗೆ ಹೋಗುವುದಿಲ್ಲ. ಜಗತ್ಪ್ರಸಿದ್ಧವಾದ .357 ಮ್ಯಾಗ್ನಮ್ ಅದೇ. ಸಿನಿಮಾದವರು ಅದಕ್ಕೆ ಏನೇನೋ ಮಹಿಮೆ ಅಂಟಿಸಿದರು. ಉದ್ದ ಹೆಚ್ಚಿಸಿದ್ದು ಮಾತ್ರ ತಪ್ಪಾಗಿ ತುಂಬುವವರ ಕೈ ಉಳಿಸಲು.

ಮ್ಯಾಗ್ನಮ್‌ನ ಮೊದಲ ರಿವಾಲ್ವರ್‌ಗಳನ್ನು ಗಿರಾಕಿಯ ಹೆಸರು ಬರೆದುಕೊಂಡು, ಅವನು ಕೇಳಿದ ಅಳತೆಗೆ ಮಾಡಿಕೊಡುತ್ತಿದ್ದರು. ಮೂರೂವರೆ ಇಂಚಿನಿಂದ ಎಂಟೂಮುಕ್ಕಾಲು ಇಂಚಿನವರೆಗೆ, ಕಾಲು ಇಂಚಿನ ಲೆಕ್ಕದಲ್ಲಿ ಯಾವ ಉದ್ದದ ನಳಿಗೆ ಬೇಕಾದರೂ ಸರಿ. ಗುರಿಕಣ್ಣು ಇಂಥದ್ದು, ಹಿಡಿ ಇಂಥದ್ದು ಎಂದು ಆರಿಸಬಹುದು. ನೋಂದಣಿ ಪತ್ರವೂ ಸಿಗುತ್ತಿತ್ತು, ಅದರ ಸಂಖ್ಯೆಯನ್ನು ಸಿಲಿಂಡರ್ ತೆರೆದಾಗ ಕಾಣುವ ಜಾಗದಲ್ಲಿ ಒತ್ತುತ್ತಿದ್ದರು. ಬೆಲೆ 60 ಡಾಲರ್. ದೇಶ ಮಹಾ ಆರ್ಥಿಕ ಕುಸಿತದಲ್ಲಿದ್ದಾಗ ಪೊಲೀಸನೊಬ್ಬನಿಗೆ ಇದು ಸಣ್ಣ ಮೊತ್ತವಲ್ಲ. ಮೊದಲನೆಯದು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್‌ಗೆ ಹೋಯಿತು. ಜನರಲ್ ಪ್ಯಾಟನ್ ಮೂರೂವರೆ ಇಂಚಿನದನ್ನು ತರಿಸಿಕೊಂಡು ದಂತದ ಹಿಡಿ ಹಾಕಿಸಿದ. ಕ್ಯಾನ್ಸಸ್ ಸಿಟಿಯ ಪೊಲೀಸ್ ಇಲಾಖೆಯೂ ಮ್ಯಾಗ್ನಮ್ ಕೊಂಡ ಇಲಾಖೆಗಳಲ್ಲಿ ಒಂದು. ಆ ಇಲಾಖೆಯ ಗುರುತಿರುವುದು ಇವತ್ತು ಹರಾಜಿಗೆ ಬಂದರೆ ನನ್ನಂಥ ಪಿಂಚಣಿದಾರ ಕೈ ಎತ್ತುವ ಹಾಗಿಲ್ಲ.

ಈ ಊರಿಗೆ ಇಂಥ ರಿವಾಲ್ವರ್ ಯಾಕೆ ಬೇಕಾಯಿತು ಎಂದು ಕೇಳಿದರೆ ಎಲ್ಲರೂ ಯೂನಿಯನ್ ಸ್ಟೇಷನ್ ಕಡೆ ಕೈ ತೋರಿಸುತ್ತಾರೆ. 1933ರ ಜೂನ್ 17ರ ಬೆಳಗ್ಗೆ, ಫ್ರಾಂಕ್ ನ್ಯಾಶ್ ಎಂಬ ಜೈಲಿನಿಂದ ತಪ್ಪಿಸಿಕೊಂಡಿದ್ದ ಕೈದಿಯನ್ನು ರೈಲಿನಿಂದ ಇಳಿಸಿ ಕಾರಿಗೆ ಕೂರಿಸುವಾಗ ಮೆಷಿನ್ ಗನ್ ಹಿಡಿದವರು ನುಗ್ಗಿದರು. ಸ್ಥಳೀಯ ಪೊಲೀಸರಿಬ್ಬರು, ಒಕ್ಲಹೋಮದ ಪೊಲೀಸ್ ಮುಖ್ಯಸ್ಥನೊಬ್ಬ, ಫೆಡರಲ್ ಏಜೆಂಟನೊಬ್ಬ, ಬಿಡಿಸಿಕೊಳ್ಳಬೇಕಿದ್ದ ನ್ಯಾಶ್, ಎಲ್ಲರೂ ಕೆಲವೇ ಕ್ಷಣಗಳಲ್ಲಿ ಸತ್ತರು. ಸ್ಟೇಷನ್ನಿನ ಹೊರಗೋಡೆಯಲ್ಲಿ ಕಾಣುವ ಗುಳಿಗಳು ಅವತ್ತಿನ ಗುಂಡಿನವೇ ಎಂದು ಪ್ರವಾಸಿಗರಿಗೆ ತೋರಿಸುತ್ತಾರೆ, ಅಲ್ಲ ಎನ್ನುವವರೂ ಇದ್ದಾರೆ. ಫೆಡರಲ್ ಏಜೆಂಟರಿಗೆ ಆಯುಧ ಹೊರುವ ಕಾನೂನುಬದ್ಧ ಅಧಿಕಾರ ಸಿಕ್ಕಿದ್ದೇ ಇದಾದ ಮರುವರ್ಷ.

ಸಂಗ್ರಾಹಕರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ: ಅತ್ತ ದುಷ್ಟರ ಮೆಷಿನ್ ಗನ್, ಇತ್ತ ಶಿಷ್ಟರ ಮ್ಯಾಗ್ನಮ್. ನನಗೆ ಇದು ಒಪ್ಪಿಗೆಯಿಲ್ಲ. ಅದೇ ಹೊತ್ತಿನಲ್ಲಿ ಈ ಊರು ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿಯ ಕೈಯಲ್ಲಿತ್ತು. 1932ರಲ್ಲಿ ಪೊಲೀಸ್ ಇಲಾಖೆ ರಾಜ್ಯದ ಹಿಡಿತ ತಪ್ಪಿ ನಗರದ ಹಿಡಿತಕ್ಕೆ ಬಂತು, ಅಂದರೆ ಅವನ ಹಿಡಿತಕ್ಕೆ. ಜೂಜು, ಹೆಂಡ, ಚುನಾವಣೆಯ ಕಳ್ಳವೋಟು, ಎಲ್ಲದಕ್ಕೂ ಪೊಲೀಸರ ನೆರಳಿತ್ತು. 1939ರಲ್ಲಿ ಆದಾಯ ತೆರಿಗೆ ವಂಚನೆಯಲ್ಲಿ ಅವನು ಜೈಲಿಗೆ ಹೋದ, ಇಲಾಖೆಯನ್ನು ರಾಜ್ಯ ವಾಪಸ್ ತೆಗೆದುಕೊಂಡಿತು. ಇಂದಿಗೂ ಕ್ಯಾನ್ಸಸ್ ಸಿಟಿಯ ಪೊಲೀಸರನ್ನು ಆಳುವುದು ರಾಜ್ಯಪಾಲರು ನೇಮಿಸುವ ಮಂಡಳಿ. ಬಂದೂಕು ಹೊತ್ತವನು ಯಾರ ಪರ ಹೊತ್ತಿದ್ದ ಎಂಬುದು ನಳಿಗೆಯ ಸವೆತದಲ್ಲಿ ಕಾಣುವುದಿಲ್ಲ.

ಕಾರ್ಖಾನೆಗೆ ಬರೆದರೂ ಅದು ತಿಳಿಯದು. ಸೀರಿಯಲ್ ನಂಬರ್ ಕಳಿಸಿ ಶುಲ್ಕ ಕಟ್ಟಿದರೆ ಸ್ಮಿತ್ ಅಂಡ್ ವೆಸನ್‌ನ ಹಳೆಯ ದಾಖಲೆ ನೋಡಿ ಪತ್ರ ಕೊಡುತ್ತಾರೆ. ದಶಕಗಳ ಕಾಲ ಆ ಪತ್ರಗಳಿಗೆ ಕಂಪನಿಯ ಇತಿಹಾಸಕಾರ ರಾಯ್ ಜಿಂಕ್ಸ್ ಅವರ ಸಹಿ ಇರುತ್ತಿತ್ತು. ನನ್ನ ಹೆವಿ ಡ್ಯೂಟಿಯ ಪತ್ರದಲ್ಲಿರುವುದು ಇಷ್ಟು: ಐದಿಂಚಿನ ನಳಿಗೆ, ನೀಲಿ ಬಣ್ಣ, ಚೌಕುಳಿ ಕೆತ್ತಿದ ವಾಲ್‌ನಟ್ ಹಿಡಿ, ಕಾರ್ಖಾನೆ ಬಿಟ್ಟ ದಿನ, ಹೋಗಿ ಸೇರಿದ ಹಾರ್ಡ್‌ವೇರ್ ಅಂಗಡಿಯ ಹೆಸರು. ಆಗ ಮೊಳೆ, ನೇಗಿಲಿನ ಜೊತೆಗೇ ರಿವಾಲ್ವರೂ ಮಾರುತ್ತಿದ್ದರು. ಅಂಗಡಿಯಿಂದ ಯಾವ ಇಲಾಖೆಗೆ, ಯಾವ ಸೊಂಟಕ್ಕೆ ಹೋಯಿತೋ ಪತ್ರ ಹೇಳುವುದಿಲ್ಲ. ಹಿಡಿಯ ಹಿಂದಿನ ಪಟ್ಟಿಯ ಮೇಲೆ ಯಾರೋ ಕೈಯಿಂದ ಬಡಿದ ಎರಡಂಕಿಯ ನಂಬರೊಂದಿದೆ, ಏಳರ ಅಚ್ಚು ಸ್ವಲ್ಪ ಓರೆ. ಇದನ್ನು ಎಷ್ಟು ಜನರತ್ತ ಗುರಿ ಹಿಡಿದರೋ, ಅವರಲ್ಲಿ ಎಷ್ಟು ಜನ ಬರೀ ಬಡವರಾಗಿದ್ದರೋ, ಕರಿಯರಾಗಿದ್ದರೋ. ಕಪಾಟಿನಿಂದ ತೆಗೆದಾಗೆಲ್ಲ ಅದೂ ಯೋಚನೆಗೆ ಬರುತ್ತದೆ.

ಕೊಡಗಿನ ನಮ್ಮೂರಿನಲ್ಲಿ ಕೋವಿಗೆ ಇಂಥ ಅಜ್ಞಾತ ಭೂತಕಾಲ ಇರುವುದಿಲ್ಲ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿಂದಾಗಿ ಕೊಡವರ ಮನೆಯ ಕೋವಿಗೆ ಲೈಸೆನ್ಸ್ ಬೇಕಿಲ್ಲ, ಅದು ಯಾರಿಂದ ಯಾರಿಗೆ ಬಂತು ಎಂದು ಮನೆಯವರಿಗೆಲ್ಲ ಗೊತ್ತು. ಕೈಲ್‌ಪೊಳ್ದ್ ಹಬ್ಬದ ದಿನ ಒರೆಸಿ, ಗಂಧ ಹಚ್ಚಿ, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ, ಮರದ ಮೇಲಿನ ತೆಂಗಿನಕಾಯಿಗೆ ಹೊಡೆಯುತ್ತೇವೆ. ನನ್ನ ಟ್ರಿಪಲ್ ಲಾಕ್‌ನ ಫೋಟೋ ಕಳಿಸಿದಾಗ ಅಣ್ಣ ಫೋನ್ ಮಾಡಿ, 'ಇಷ್ಟು ದುಡ್ಡು ಕೊಟ್ಟಿದ್ದೀಯಲ್ಲೋ, ಇದರಲ್ಲಿ ಹಂದಿ ಬೀಳ್ತದಾ?' ಎಂದ. 'ಹಂದಿ ಹೊಡೆಯೋಕಲ್ಲ ಅಣ್ಣ' ಎಂದೆ. 'ಮತ್ಯಾಕೆ?' ಎಂದ. ಭಾರತದಲ್ಲಿದ್ದರೆ ಈ ಹವ್ಯಾಸ ಕನಸಿನ ಮಾತು ಎಂಬುದೂ ನಿಜ. ಲೈಸೆನ್ಸ್ ಇದ್ದವರೂ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿದೆ. ಇಲ್ಲಿ 50 ವರ್ಷ ದಾಟಿದ ಬಂದೂಕುಗಳ ಸಂಗ್ರಾಹಕರಿಗೆಂದೇ ಫೆಡರಲ್ ಲೈಸೆನ್ಸ್ ಇದೆ. ಇಷ್ಟು ಸಲೀಸಾಗಿ ಸಿಗಬೇಕೇ ಎಂದು ಪೇಪರ್ ಓದುವಾಗೆಲ್ಲ ಅನ್ನಿಸುತ್ತದೆ.

ಹೊಡೆಯುವ ಮೊದಲು ಮಾಡಬೇಕಾದ ಪರೀಕ್ಷೆ ನನ್ನ ವೃತ್ತಿಗೆ ಒಗ್ಗುವಂಥದ್ದು. ಖಾಲಿ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸುತ್ತೇನೆ. ಆರು ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಆರು, ಬಂದರೆ ಸಂತೋಷ, ಹತ್ತು ದಾಟಿದರೆ ಯೋಚಿಸಬೇಕು. ಆಮೇಲೆ ಸಿಲಿಂಡರನ್ನು ಹಿಂದೆ ಮುಂದೆ ದೂಡಿ ಎಷ್ಟು ಜಾರುತ್ತದೆ ನೋಡುತ್ತೇನೆ. ಹ್ಯಾಮರನ್ನು ಹೆಬ್ಬೆರಳಿನಿಂದ ನಿಧಾನವಾಗಿ ಎಳೆಯುವಾಗ, ಅದು ಪೂರ್ತಿ ಹಿಂದಕ್ಕೆ ಬಂದು ನಿಲ್ಲುವುದರೊಳಗೆ ಕೆಳಗಿನ ಹಲ್ಲು ಸಿಲಿಂಡರಿನ ಕಚ್ಚಿಗೆ ಬಿದ್ದಿರಬೇಕು. ಆರು ಕೋಣೆಗೂ ಹೀಗೆಯೇ. ಒಂದರಲ್ಲಿ ತಡವಾದರೂ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸೀಸ ಪಕ್ಕಕ್ಕೆ ಸಿಡಿಯುತ್ತದೆ. ಸೀರಿಯಲ್ ನಂಬರ್ ಹಿಡಿಯ ತಳದಲ್ಲೂ ಸಿಲಿಂಡರಿನ ಹಿಂಭಾಗದಲ್ಲೂ ನಳಿಗೆಯ ಕೆಳಗೂ ಒಂದೇ ಇದೆಯೇ ಎಂದು ಕೊಳ್ಳುವಾಗಲೇ ನೋಡಿರಬೇಕು. ಯಾರದೋ ಸಿಲಿಂಡರ್ ಇನ್ಯಾರದೋ ಚೌಕಟ್ಟಿಗೆ ಬಂದು ಕೂತಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು.

ಕಾರಿನ ತಗಡು ಸೀಳುವ ಹಳೆಯ ಜೋರು ತೋಟಾವನ್ನು ನಾನು ಹಾಕುವುದಿಲ್ಲ. ಮುದಿ ಉಕ್ಕಿಗೆ ಯಾಕೆ ಶಿಕ್ಷೆ. ಹತ್ತು ಗ್ರಾಮಿನ ಸೀಸ, ಮಂದ ಮದ್ದು, 25 ಗಜದ ಗುರಿ. ಆ ಕಾಲದ ಪೊಲೀಸನ ಹಾಗೆ ಪಕ್ಕಕ್ಕೆ ತಿರುಗಿ ನಿಂತು ಒಂದೇ ಕೈಯಲ್ಲಿ ಹೊಡೆಯುತ್ತೇನೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಸ್ಮಿತ್‌ನಲ್ಲಿ ಹ್ಯಾಮರಿನ ಓಟ ಉದ್ದ. ಟ್ರಿಗರ್ ಎಳೆಯುತ್ತ ಹೋದರೆ ಮೊದಲು ಸಿಲಿಂಡರ್ ಹೊರಳುವುದು, ಆಮೇಲೆ ಹಲ್ಲು ಕಚ್ಚುವುದು, ಕೊನೆಗೆ ಹ್ಯಾಮರ್ ಬಿಟ್ಟುಕೊಳ್ಳುವುದು, ಮೂರೂ ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುತ್ತವೆ. ಯುದ್ಧದ ನಂತರ ಆ ಓಟ ಗಿಡ್ಡವಾಯಿತು, ಕೈಗೆ ಬೇಗ ಬಂತು, ಈ ಸುಖ ಹೋಯಿತು. ಹಳೆಯ ಹಿಡಿ ಮಾತ್ರ ಹಿಂಸೆ. ಟ್ರಿಗರ್ ಬಳೆಯ ಹಿಂದಿನ ಖಾಲಿ ಜಾಗದಲ್ಲಿ ಮಧ್ಯದ ಬೆರಳಿನ ಗೆಣ್ಣು ಸಿಕ್ಕಿಕೊಂಡು, ಪ್ರತಿ ಈಡಿಗೂ ಪೆಟ್ಟು ತಿನ್ನುತ್ತದೆ. ಮ್ಯಾಗ್ನಮ್ ಬಂದಾಗ ಹಿಡಿಯನ್ನು ಮೇಲಿನವರೆಗೆ ಅಗಲ ಮಾಡಿದ್ದು ಪುಣ್ಯದ ಕೆಲಸ.

ಆರು ತೋಟಾದ ಕೋವಿಗೆ ನಾನು ಐದೇ ತುಂಬುತ್ತೇನೆ, ಹ್ಯಾಮರಿನ ಕೆಳಗಿನ ಕೋಣೆ ಖಾಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗೊಂದರ ಮೇಲೆ ನೌಕಾಪಡೆಯವನ ರಿವಾಲ್ವರ್ ಕೈಜಾರಿ ಬಿದ್ದು ಗುಂಡು ಹಾರಿ ಒಬ್ಬ ಸತ್ತ. ಅದಾದಮೇಲೆ ಕಂಪನಿ ಒಳಗಿನ ತಡೆಯನ್ನು ಬದಲಾಯಿಸಿ ಸೀರಿಯಲ್ ನಂಬರಿನ ಮೊದಲಿಗೆ 'ಎಸ್' ಅಕ್ಷರ ಸೇರಿಸಿತು. ನನ್ನವುಗಳಲ್ಲಿ ಹೆಚ್ಚಿನವು ಆ ಅಕ್ಷರ ಇಲ್ಲದವು.

ದೊಡ್ಡ ಚೌಕಟ್ಟಿನ ಕಾಲವೂ ಮುಗಿಯಿತು. 1954ರಲ್ಲಿ ಹೊಳಪು ಕಡಿಮೆ ಮಾಡಿ, ಬೆಲೆ ಇಳಿಸಿ, ಹೆದ್ದಾರಿ ಪೊಲೀಸರಿಗೆಂದೇ 'ಹೈವೇ ಪ್ಯಾಟ್ರೋಲ್‌ಮನ್' ತಂದರು. 1966ಕ್ಕೆ ಹೆವಿ ಡ್ಯೂಟಿ ನಿಂತಿತು, 1986ಕ್ಕೆ ಹೈವೇ ಪ್ಯಾಟ್ರೋಲ್‌ಮನ್ ನಿಂತಿತು. ಅದೇ ವರ್ಷ ಏಪ್ರಿಲಿನಲ್ಲಿ ಮಯಾಮಿಯಲ್ಲಿ ಎಫ್‌ಬಿಐನ ಇಬ್ಬರು ಸತ್ತ ಗುಂಡಿನ ಕಾಳಗ ನಡೆದು, ರಿವಾಲ್ವರಿನ ಆರು ಗುಂಡು ಸಾಲದು ಎಂಬ ಮಾತು ಎಲ್ಲ ಇಲಾಖೆಗೂ ಹಬ್ಬಿತು. ಹೊಸ ಪಿಸ್ತೂಲಿಗೆ ಬದಲಾಗಿ ಹಳೆಯವನ್ನು ರಾಶಿ ರಾಶಿ ಕೊಟ್ಟುಬಿಟ್ಟರು. ಕೆಲವು ಇಲಾಖೆಗಳು ನಿವೃತ್ತರಾಗುವವರಿಗೆ ಅವರವರದನ್ನು ಅಗ್ಗಕ್ಕೆ ಕೊಟ್ಟವು.

ಹಾಗೆ ಪಡೆದವರೊಬ್ಬರು ಕೆಲವು ವರ್ಷಗಳ ಹಿಂದೆ ಗನ್ ಶೋ ಒಂದರಲ್ಲಿ ಸಿಕ್ಕಿದ್ದರು. ಪಕ್ಕದ ರಾಜ್ಯದಲ್ಲಿ ಹೆದ್ದಾರಿ ಪೊಲೀಸ್ ಆಗಿದ್ದವರು, ಆಗಲೇ ಎಂಬತ್ತು ದಾಟಿತ್ತು. ಮೇಜಿನ ಮೇಲೆ ಅವರ ಹೈವೇ ಪ್ಯಾಟ್ರೋಲ್‌ಮನ್, ಪಕ್ಕದಲ್ಲಿ ಕಪ್ಪಾದ ಹೋಲ್‌ಸ್ಟರ್. ನಳಿಗೆಯ ತುದಿ ಬೆಳ್ಳಗೆ, ಒಳಗೆ ಕನ್ನಡಿ. ಯಾವತ್ತಾದರೂ ಹೊಡೆಯುವ ಪ್ರಸಂಗ ಬಂತೇ ಎಂದು ಕೇಳಿದೆ. ಯಾರೂ ಕೇಳದ ಪ್ರಶ್ನೆಯಲ್ಲ, ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ವರ್ಷ ವರ್ಷ ಪರೀಕ್ಷೆಗೆ ಹೊಡೆದೆ. ಉಳಿದದ್ದೆಲ್ಲ ಜಿಂಕೆಗೆ' ಎಂದರು. ರಾತ್ರಿ ಹೆದ್ದಾರಿಯಲ್ಲಿ ಕಾರಿಗೆ ಅಡ್ಡ ಬಂದು ಸೊಂಟ ಮುರಿದುಕೊಂಡು ಬಿದ್ದ ಜಿಂಕೆಗಳಿಗೆ. ಕಾರಿನವರು ದೂರದಲ್ಲಿ ಮಕ್ಕಳ ಮುಖ ಮುಚ್ಚಿಕೊಂಡು ನಿಂತಿರುತ್ತಿದ್ದರಂತೆ, ಆಮೇಲೆ ವಿಮೆಗೆ ಬೇಕಾದ ಕಾಗದ ಬರೆದುಕೊಡುವುದೂ ಇವರದೇ ಕೆಲಸ. ರಿವಾಲ್ವರಿನ ಬೆಲೆ ಹೇಳಿದರು. ಹೋಲ್‌ಸ್ಟರಿಗೆ ಎಷ್ಟು ಎಂದು ಕೇಳಿದ್ದಕ್ಕೆ, ಅದು ಮಗಳಿಗೆ ಬೇಕಂತೆ, ಕೊಡುವುದಿಲ್ಲ ಎಂದರು.